ಡಿಜೆ ಮುಂದೆ ಎಷ್ಟು ನಿಮಿಷ?

(ಗಣೇಶ ಹಬ್ಬಕ್ಕೆ ಮುಂಚೆ ಕಲಬುರಗಿಯಲ್ಲಿ ಮಂಡಳಿಗಳ ಹುಡುಗರು, ಸೌಂಡ್ ಸಿಸ್ಟಮ್ ಇಟ್ಟುಕೊಂಡವರು ಮತ್ತು ಪಾಲಕರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿದ್ದೇವೆ.)

ಡಿಜೆ ಹಚ್ಚಬೇಡಿ ಅಂತ ಹೇಳೋಕೆ ಇವತ್ತು ಇಲ್ಲಿ ನಿಂತಿಲ್ಲ. ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಅದು ನಮಗೂ ಗೊತ್ತು. ಮದುವೆ ಸೀಸನ್ನು, ಗಣೇಶ ವಿಸರ್ಜನೆ, ಜಯಂತಿ ಮೆರವಣಿಗೆ, ಊರ ಜಾತ್ರೆ ಎಲ್ಲ ಸೇರಿಸಿದರೆ ನಮ್ಮ ಕಡೆ ವರ್ಷದಲ್ಲಿ ಸುಮ್ಮನಿರುವ ತಿಂಗಳು ಯಾವುದು? ಆದ್ದರಿಂದ ಕುಣಿಯುವವರು ಕುಣಿಯಲಿ. ಆದರೆ ಕಿವಿಗೆ ದಿನಕ್ಕೆ ಇಷ್ಟೇ ಅಂತ ಒಂದು ರೇಷನ್ ಇದೆ. ಆ ರೇಷನ್ನು ಡೆಸಿಬಲ್ಲಿನಲ್ಲಿ ಮಾತ್ರ ಅಳೆಯುವಂಥದಲ್ಲ, ನಿಮಿಷದಲ್ಲೂ ಅಳೆಯಬೇಕು. ಎಷ್ಟು ಜೋರು ಅನ್ನುವುದರ ಜೊತೆಗೇ ಎಷ್ಟು ಹೊತ್ತು ಅಂತ ಕೇಳಿಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ.

ಮೊದಲು ಡೆಸಿಬಲ್ಲಿನ ವಿಚಿತ್ರ ಗಣಿತ. ಒಂದು ಕ್ವಿಂಟಲ್ ತೊಗರಿಗೆ ಇನ್ನೊಂದು ಕ್ವಿಂಟಲ್ ಸುರಿದರೆ ಎರಡು ಕ್ವಿಂಟಲ್. ಡೆಸಿಬಲ್ ಹಾಗೆ ಕೂಡುವುದಿಲ್ಲ. 100 ಡೆಸಿಬಲ್ ಕೊಡುವ ಒಂದು ಸೆಟ್ ಪಕ್ಕದಲ್ಲಿ ಅಂಥದೇ ಇನ್ನೊಂದು ಸೆಟ್ ಹಚ್ಚಿದರೆ ಸಿಗುವುದು 103. ನೋಡೋಕೆ ಬರೀ ಮೂರು ಹೆಚ್ಚು, ಆದರೆ ಕಿವಿಯೊಳಗೆ ಬೀಳುವ ಶಕ್ತಿ ಎರಡು ಪಟ್ಟು. 10 ಹೆಚ್ಚಾದರೆ ಶಕ್ತಿ ಹತ್ತು ಪಟ್ಟು, ಕೇಳುವವನಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಮೋಸ ಆಗುವುದು ಇಲ್ಲೇ. ಪೆಟ್ಟು ಎಷ್ಟು ಬಿತ್ತು ಅಂತ ಕಿವಿ ನಮಗೆ ಖರೆ ಹೇಳುವುದಿಲ್ಲ.

ಕಾರ್ಮಿಕರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ಸರಳವಾಗಿದೆ: 85 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬಲ್ಲಿಗೆ ಹೊತ್ತು ಅರ್ಧ. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. 106ಕ್ಕೆ ಬಂದರೆ ನಾಲ್ಕು ನಿಮಿಷವೂ ಪೂರ್ತಿ ಇಲ್ಲ, ಒಂದು ಹಾಡು ಮುಗಿಯುವುದರೊಳಗೆ ಇಡೀ ದಿನದ ರೇಷನ್ ಖಾಲಿ. ಇದು ದುಡಿಯುವವರಿಗಾಗಿ ಮಾಡಿದ ಲೆಕ್ಕ, ಇದರೊಳಗಿದ್ದರೆ ಯಾರ ಕಿವಿಗೂ ಏನೂ ಆಗದು ಅಂತ ಗ್ಯಾರಂಟಿ ಅಲ್ಲ. ಹಗಲೆಲ್ಲ ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಮಶೀನಿನ ಮುಂದೆ ನಿಂತವರು, ವಾಡಿ–ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿದವರು ಸಂಜೆ ಮೆರವಣಿಗೆಗೆ ಬರುವಾಗ ರೇಷನ್ನಿನ ದೊಡ್ಡ ಪಾಲು ಆಗಲೇ ಮುಗಿಸಿ ಬಂದಿರಬಹುದು.

ಮೀಟರ್ ಇಲ್ಲದೆ ತಿಳಿಯುವುದು ಹೇಗೆ? ಒಂದು ಕೈ ಅಳತೆಯಲ್ಲಿ ನಿಂತ ಗೆಳೆಯನಿಗೆ ಮಾತು ಮುಟ್ಟಿಸೋಕೆ ದನಿ ಏರಿಸಬೇಕಾದರೆ ನೀವು 85ರ ಆಸುಪಾಸು ಅಥವಾ ಮೇಲೆ ಇದ್ದೀರಿ. ಅವನ ಕಿವಿಗೆ ಬಾಯಿ ಹಚ್ಚಿ ಕೂಗಬೇಕಾದರೆ ಅದಕ್ಕಿಂತ ಎಷ್ಟೋ ಮೇಲೆ. ಮೊಬೈಲ್ ಆ್ಯಪ್ ಬಗ್ಗೆ ಭಾಳ ಜನ ಕೇಳುತ್ತಾರೆ. ನಿಯೋಶ್‌ನದೇ ಉಚಿತ ಆ್ಯಪ್ ಐಫೋನಿಗೆ ಇದೆ. ಆಂಡ್ರಾಯ್ಡ್ ಫೋನುಗಳ ಮೈಕು ಒಂದೊಂದು ಕಂಪನಿಯದು ಒಂದೊಂದು ಥರ, ದೊಡ್ಡ ಸಪ್ಪಳಕ್ಕೆ ಕೆಲವು ಅಲ್ಲೇ ಕಟ್ಟಿಕೊಂಡು ಕಡಿಮೆ ತೋರಿಸುತ್ತವೆ. ಹಾಗಾಗಿ ಅದರ ಅಂಕಿಯನ್ನು ನಂಬಿ ಕೂರಬೇಡಿ. ಇಲ್ಲಿ ಜೋರೋ ಅಲ್ಲಿ ಜೋರೋ ಅಂತ ಎರಡು ಜಾಗ ಹೋಲಿಸೋಕೆ ಬಳಸಿ. ಸೆಟ್ಟಿಂಗ್‌ನಲ್ಲಿ ‘ಎ’ ಆರಿಸಿ, (ಅದು ಮನುಷ್ಯನ ಕಿವಿ ಕೇಳುವ ರೀತಿಗೆ ಹೊಂದಿಸಿದ ಅಳತೆ), ಗರಿಷ್ಠ ಅಂಕಿ ಬಿಟ್ಟು ಸರಾಸರಿ ಅಂಕಿ ನೋಡಿ.

ಈಗ ದೂರದ ವಿಚಾರ. ಖರ್ಚಿಲ್ಲದ ಮದ್ದು ಅಂದರೆ ಇದೊಂದೇ. ಬಯಲಿನಲ್ಲಿ ದೂರ ಎರಡು ಪಟ್ಟು ಆದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಕ್ಸ್ ಹೇರಿದ ಒಂದು ಟ್ರಾಲಿಯಿಂದ 1 ಮೀಟರಿಗೆ 112 ಡೆಸಿಬಲ್ ಇದೆ ಅಂತ ಇಟ್ಟುಕೊಳ್ಳಿ. 2 ಮೀಟರಿಗೆ 106, 4 ಮೀಟರಿಗೆ 100, 8ಕ್ಕೆ 94, 16ಕ್ಕೆ 88. ಇದನ್ನೇ ಹೊತ್ತಿಗೆ ತಿರುಗಿಸಿ ನೋಡಿ: ಬಾಕ್ಸಿಗೆ ಅಂಟಿ ಕುಣಿಯುವವನಿಗೆ ಒಂದು ನಿಮಿಷವೂ ಇಲ್ಲ, ಹದಿನಾರು ಮೀಟರ್ ಹಿಂದೆ ನಡೆದು ಬರುವವನಿಗೆ 4 ಗಂಟೆ. ಹಾಡು ಅದೇ, ಮೆರವಣಿಗೆ ಅದೇ.

ಆದರೆ ಇದು ಬಯಲಿನ ಲೆಕ್ಕ. ಬೀದರಿನ ಚೌಬಾರಾ ಸುತ್ತಲಿನ ಹಳೇ ಗಲ್ಲಿಗಳಲ್ಲಿ, ಕಲಬುರಗಿಯ ಒಳ ಓಣಿಗಳಲ್ಲಿ ಎರಡೂ ಕಡೆ ಗೋಡೆ ಇರುವುದರಿಂದ ಸಪ್ಪಳ ಹೊರಗೆ ಹರಡುವುದಿಲ್ಲ, ಗೋಡೆಗೆ ಬಡಿದು ಮತ್ತೆ ನಿಮ್ಮ ಮೈಮೇಲೇ ಬರುತ್ತದೆ. ಅಲ್ಲಿ ಹಿಂದೆ ಸರಿದರೂ ಅಷ್ಟು ಇಳಿಯುವುದಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಟ್ರಾಲಿ ಸಿಕ್ಕಿಕೊಂಡು ಅರ್ಧ ಗಂಟೆ ನಿಂತಾಗಲೂ ಸೌಂಡ್ ಪೂರ್ತಿ ಇರುತ್ತದಲ್ಲ, ಮೆರವಣಿಗೆಯಲ್ಲಿ ಕಿವಿಗೆ ಅತಿ ಕೆಟ್ಟ ಹೊತ್ತು ಅದೇ. ಗಾಡಿ ನಿಂತರೆ ವಾಲ್ಯೂಮ್ ಇಳಿಯಬೇಕು ಅಂತ ಮಂಡಳಿಯವರು ಬುಕಿಂಗ್ ಮಾಡುವಾಗಲೇ ಮಾತಾಡಿಕೊಂಡರೆ ಒಳ್ಳೇದು.

ನಿಲ್ಲುವ ಜಾಗದಲ್ಲೂ ವ್ಯತ್ಯಾಸ ಇದೆ. ಬೇಸ್ ಎಲ್ಲಾ ದಿಕ್ಕಿಗೂ ಹರಡುತ್ತದೆ. ಟಾಪ್ ಬಾಕ್ಸಿನ ಹಾರ್ನ್ (ಚೂಪು ದನಿ ಬರುವ ಬಾಯಿ) ಮಾತ್ರ ಟಾರ್ಚಿನ ಬೆಳಕಿನಂತೆ ಎದುರಿಗೆ ಹೊಡೆಯುತ್ತದೆ. ಎದೆ ಗುದ್ದುವುದು ಬೇಸ್, ಕಿವಿ ಕೊಯ್ಯುವುದು ಹಾರ್ನ್. ಅದರ ನೇರದಿಂದ ಪಕ್ಕಕ್ಕೆ ಸರಿದರೂ ಎಷ್ಟೋ ಲಾಭ. ಮಗುವಿಗೆ ಕಾಣಲಿ ಅಂತ ಹೆಗಲ ಮೇಲೆ ಕೂರಿಸಿಕೊಂಡು ಟ್ರಾಲಿ ಮುಂದೆ ನಿಲ್ಲುವ ಅಪ್ಪಂದಿರನ್ನು ನೀವೆಲ್ಲ ನೋಡಿದ್ದೀರಿ. ಅಪ್ಪನ ಕಿವಿ ಜನರ ತಲೆಗಳ ನಡುವೆ ಇರುತ್ತದೆ. ಮಗುವಿನ ಕಿವಿ ಎಲ್ಲರ ತಲೆಗಿಂತ ಮೇಲೆ, ಹಾರ್ನಿನ ಬಾಯಿಯ ಸಮಕ್ಕೆ ಹೋಗಿರುತ್ತದೆ, ನಡುವೆ ಯಾವ ಅಡ್ಡಿಯೂ ಇಲ್ಲದೆ.

ಕಿವಿಯೊಳಗೆ ಏನಾಗುತ್ತದೆ ಅನ್ನುವುದನ್ನು ಚುಟುಕಾಗಿ ಹೇಳುತ್ತೇವೆ. ಕಿವಿ ತಮಟೆಯ (ಒಳಗಿನ ತೆಳು ಪೊರೆ) ಆಚೆ ಮೂರು ಪುಟ್ಟ ಎಲುಬು, ಅದರಾಚೆ ಶಂಖದಂತೆ ಎರಡೂವರೆ ಸುತ್ತು ಸುತ್ತಿದ ಕೊಳವೆ. ಅದರೊಳಗೆ ಒಂದು ಕಿವಿಗೆ ಸುಮಾರು 15 ಸಾವಿರ ಕೂದಲು ಕೋಶಗಳು. ದೊಡ್ಡ ಗಾಳಿಗೆ ಜೋಳದ ಬೆಳೆ ಒರಗಿ ಮರುದಿನ ಎದ್ದು ನಿಲ್ಲುವಂತೆ ಇವೂ ಒಂದೆರಡು ಸಲ ಎದ್ದು ನಿಲ್ಲುತ್ತವೆ. ಬುಡವೇ ಮುರಿದರೆ ಮುಗಿಯಿತು, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು ತೆಳುವಾದ, ಚೂಪಾದ ದನಿ ಹಿಡಿಯುವ ಕೋಶಗಳು, ಹೆಚ್ಚುಕಡಿಮೆ 4000 ಹರ್ಟ್ಸ್ ಸುತ್ತಲಿನವು (ಹರ್ಟ್ಸ್ ಅಂದರೆ ದನಿ ಎಷ್ಟು ಚೂಪು ಅನ್ನುವ ಅಳತೆ). ಕಿವಿಯ ಓಣಿಯ ಆಕಾರವೇ ಆ ಭಾಗದ ದನಿಯನ್ನು ಇನ್ನಷ್ಟು ಹಿಗ್ಗಿಸಿ ಒಳಗೆ ಕಳಿಸುತ್ತದೆ, ಅದಕ್ಕೇ ಅಲ್ಲಿ ಪೆಟ್ಟು ಜಾಸ್ತಿ.

ಇದರಿಂದ ಕಿವುಡು ಅಂತ ಯಾರಿಗೂ ಅನ್ನಿಸುವುದಿಲ್ಲ. ಸಪ್ಪಳ ಕೇಳಿಸುತ್ತದೆ, ಮಾತು ಬಿಡಿಸುವುದಿಲ್ಲ. ಹಾಲು, ಕಾಲು, ಸಾಲು, ಪಾಲು ಅಂದು ನೋಡಿ. ‘ಆಲು’ ಅನ್ನುವ ಭಾಗ ದಪ್ಪ ದನಿ, ಅದು ಚೆನ್ನಾಗಿ ಕೇಳಿಸುತ್ತದೆ. ಹ, ಕ, ಸ, ಪ ಇವು ತೆಳು. ಅವು ಹೋದರೆ ನಾಲ್ಕೂ ಒಂದೇ ಮಾತು. ಮನೆಯೊಳಗೆ ಎದುರಿಗೆ ಕೂತವರ ತುಟಿ ನೋಡಿ ಹೇಗೋ ನಡೆಯುತ್ತದೆ. ಸೂಪರ್ ಮಾರ್ಕೆಟಿನ ಗದ್ದಲದಲ್ಲಿ, ಫೋನಿನಲ್ಲಿ, ಮದುವೆ ಪಂಕ್ತಿಯಲ್ಲಿ ಅವರು ಬರೀ ತಲೆ ಆಡಿಸುತ್ತಾ ಕೂರುತ್ತಾರೆ.

ಇಲ್ಲಿ ಒಬ್ಬರು ಎದ್ದು, "ಸರ್, ನಮಗ ರೂಢಿ ಆಗ್ಯದ ರೀ. ಮೊದಲ ಕಿವಿ ಗುಂಯ್ ಅಂತಿತ್ತು, ಈಗ ಏನೂ ಆಗಂಗಿಲ್ಲ" ಅಂದರು.

ಚರ್ಮ ದಡ್ಡುಗಟ್ಟಿದಂತೆ ಕಿವಿ ಗಟ್ಟಿಯಾಗುವುದಿಲ್ಲ. ರೂಢಿ ಅನ್ನಿಸುವುದಕ್ಕೆ ಒಂದು ಕಾರಣ, ಕೇಳುವ ಶಕ್ತಿ ಈಗಾಗಲೇ ಅಷ್ಟು ಇಳಿದಿರಬಹುದು. ಗುಂಯ್‌ಗುಟ್ಟುವುದು ಮರುದಿನ ನಿಂತರೂ ಲೆಕ್ಕ ಚುಕ್ತಾ ಆಯಿತು ಅಂತ ಅಲ್ಲ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಅನ್ನುವ ವಿಜ್ಞಾನಿಗಳು ಇಲಿಗಳಿಗೆ 100 ಡೆಸಿಬಲ್ ಸಪ್ಪಳ 2 ಗಂಟೆ ಕೇಳಿಸಿದರು. ಕೆಲವು ದಿನದಲ್ಲಿ ಪರೀಕ್ಷೆಯಲ್ಲಿ ಕಿವಿ ಪೂರ್ತಿ ಸರಿ ಅಂತಲೇ ಬಂತು, ಕೂದಲು ಕೋಶಗಳೂ ಇದ್ದವು. ಆದರೆ ಕೋಶದಿಂದ ನರಕ್ಕೆ ಸುದ್ದಿ ಮುಟ್ಟಿಸುವ ಸಂಪರ್ಕಗಳು ಶಂಖದ ಒಂದು ಭಾಗದಲ್ಲಿ ಅರ್ಧದಷ್ಟು ಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟು ಅನ್ನುವ ಚರ್ಚೆ ಇನ್ನೂ ನಡೆದಿದೆ. ಆದರೂ ‘ಗುಂಯ್ ನಿಂತಿತು, ನಾನು ಪಾರಾದೆ’ ಅನ್ನುವ ಧೈರ್ಯಕ್ಕೆ ಆಧಾರ ಇಲ್ಲ.

ಮುಂದಿನ ಪ್ರಶ್ನೆ ಹೆಂಗಸರ ಸಾಲಿನಿಂದ ಬಂತು: "ಅರಳಿ ಇಟ್ಕೊಂಡ್ರ ಸಾಕಲ್ರೀ?"

ಸಾಲುವುದಿಲ್ಲ. ಒಣ ಅರಳಿಯೊಳಗೆ, ಅಂದರೆ ಹತ್ತಿಯೊಳಗೆ, ಗಾಳಿ ಸಲೀಸಾಗಿ ಓಡಾಡುತ್ತದೆ, ಗಾಳಿ ಹೋದಲ್ಲಿ ಸಪ್ಪಳವೂ ಹೋಗುತ್ತದೆ. ಸಿಗುವುದು ನಾಲ್ಕಾರು ಡೆಸಿಬಲ್. ಅದಕ್ಕಿಂತ ಕೆಟ್ಟದ್ದು, ಏನೋ ಹಾಕಿಕೊಂಡಿದ್ದೇನೆ ಅನ್ನುವ ಧೈರ್ಯದಲ್ಲಿ ಇನ್ನೂ ಮುಂದೆ ಹೋಗಿ ನಿಲ್ಲುತ್ತೀರಿ. ಬೇಕಾದದ್ದು ಫೋಮ್ ಇಯರ್‌ಪ್ಲಗ್, ಸ್ಪಂಜಿನಂತೆ ಮೆತ್ತಗಿರುವ ಸಣ್ಣ ಬಿರಡೆ. ಕೆಲವು ಔಷಧ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಕಾರ್ಖಾನೆಯವರಿಗೆ ಹೆಲ್ಮೆಟ್, ಕೈಗವಸು ಮಾರುವ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ಬೆಲೆ ದೊಡ್ಡದಲ್ಲ. ಹಾಕಿಕೊಳ್ಳುವ ರೀತಿ ಮಾತ್ರ ಹತ್ತು ಜನರಲ್ಲಿ ಎಂಟು ಜನರಿಗೆ ಬರುವುದಿಲ್ಲ ಅಂದರೂ ನಡೆಯುತ್ತದೆ, ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇವೆ.

ಕೈ ತೊಳೆದು ಒರೆಸಿಕೊಳ್ಳಿ. ಗುಲಾಲು, ಬೆವರು ಹತ್ತಿದ ಬೆರಳಿನಿಂದ ಹೊಸೆದರೆ ಅದೆಲ್ಲ ಕಿವಿಯೊಳಗೇ ಹೋಗುತ್ತದೆ. ಪ್ಲಗ್ಗನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಇಟ್ಟು ದೀಪದ ಬತ್ತಿ ಹೊಸೆದಂತೆ ಹೊಸೆಯಿರಿ, ಮೊದಲು ಮೆಲ್ಲಗೆ, ಆಮೇಲೆ ಒತ್ತಿ. ಅದು ಸಣ್ಣಗೆ, ಎಲ್ಲೂ ಮಡಿಕೆ ಬೀಳದಂತೆ ಆಗಬೇಕು. ಮಡಿಕೆ ಬಿದ್ದರೆ ಆ ಗೆರೆಯಲ್ಲೇ ಸಪ್ಪಳ ಒಳಗೆ ನುಗ್ಗುತ್ತದೆ. ಈಗ ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ಓಣಿ ಡೊಂಕು, ಹೀಗೆ ಎಳೆದರೆ ಮಾತ್ರ ನೇರವಾಗುತ್ತದೆ. ಹೊಸೆದದ್ದು ಮತ್ತೆ ಉಬ್ಬುವ ಮೊದಲೇ ಬಲಗೈಯಿಂದ ಒಳಗೆ ತೂರಿಸಿ, ಬೆರಳ ತುದಿಯಿಂದ ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿ. ಈ ಎಣಿಕೆಯನ್ನು ಎಲ್ಲರೂ ಬಿಡುತ್ತಾರೆ. ಬೆರಳು ತೆಗೆದ ಕೂಡಲೇ ಫೋಮ್ ಉಬ್ಬುತ್ತಾ ತಾನೇ ಹಿಂದಕ್ಕೆ ಜಾರುತ್ತದೆ, ಅರ್ಧ ಹೊರಗೆ ನಿಲ್ಲುತ್ತದೆ.

ಸರಿ ಕೂತಿದೆಯೋ ಇಲ್ಲವೋ ನೋಡೋಕೆ ಕನ್ನಡಿಯಲ್ಲಿ ಅಥವಾ ಮೊಬೈಲಿನ ಸೆಲ್ಫಿಯಲ್ಲಿ ಮುಖ ನೇರ ಇಟ್ಟು ನೋಡಿ. ಪ್ಲಗ್ಗಿನ ಬಾಲ ಎದುರಿಂದ ಕಂಡರೆ ಒಳಗೆ ಹೋಗಿಲ್ಲ. ಇನ್ನೊಂದು ಪರೀಕ್ಷೆ: ಸಪ್ಪಳದ ನಡುವೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆಯಿರಿ. ಮುಚ್ಚಿದಾಗ ಸಪ್ಪಳ ಎದ್ದು ಕಾಣುವಷ್ಟು ಇಳಿದರೆ ಪ್ಲಗ್ ಸೋರುತ್ತಿದೆ ಅಂತ ಅರ್ಥ. ನಿಮ್ಮದೇ ದನಿ ಕೊಡದೊಳಗೆ ಮಾತಾಡಿದಂತೆ ಎರಡೂ ಕಿವಿಗೆ ಸಮನಾಗಿ ದಪ್ಪಗೆ ಕೇಳಬೇಕು. ಒಂದೇ ಕಡೆ ಹಾಗೆ ಕೇಳಿದರೆ ಇನ್ನೊಂದು ಕಡೆಯದನ್ನು ತೆಗೆದು ಮತ್ತೆ ಹೊಸೆದು ಹಾಕಿ. ತೆಗೆಯುವಾಗ ಜಗ್ಗಬೇಡಿ, ಒಳಗೆ ಗಾಳಿ ಸೆಳೆದು ತಮಟೆಗೆ ನೋವಾಗುತ್ತದೆ. ತಿರುವುತ್ತಾ ಮೆಲ್ಲಗೆ ತೆಗೆಯಿರಿ.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ 33, 29 ಅಂತ ಬರೆದಿರುತ್ತದೆ. ಪ್ಲಗ್ ಎಷ್ಟು ಡೆಸಿಬಲ್ ಇಳಿಸುತ್ತದೆ ಅನ್ನುವ ಪ್ರಯೋಗಾಲಯದ ಅಂಕಿ ಅದು. ನಮ್ಮ ಕೈಯಲ್ಲಿ ಅಷ್ಟು ಸಿಗುವುದಿಲ್ಲ. ಅದರಿಂದ 7 ಕಳೆದು ಅರ್ಧ ಮಾಡಿ ನಂಬುವ ರೂಢಿ ಇದೆ: 33 ಇದ್ದರೆ 13. ಇಷ್ಟೇನಾ ಅನ್ನಬೇಡಿ. 106 ಡೆಸಿಬಲ್ ಜಾಗದಲ್ಲಿ 13 ಇಳಿದರೂ ಕಿವಿಗೆ ಬೀಳುವುದು 93, ನಾಲ್ಕು ನಿಮಿಷದ ರೇಷನ್ನು ಸುಮಾರು ಒಂದೂಕಾಲು ಗಂಟೆಯಾಯಿತು. ಇದರ ಹಿಮ್ಮುಖವೂ ಅಷ್ಟೇ ಖರೆ. ಒಂದು ಗಂಟೆ ಹಾಕಿಕೊಂಡು ನಡುವೆ ಗೆಳೆಯನ ಮಾತು ಕೇಳೋಕೆ ನಾಲ್ಕು ನಿಮಿಷ ತೆಗೆದಿಟ್ಟರೆ, ಆ ನಾಲ್ಕೇ ನಿಮಿಷದಲ್ಲಿ ಇಡೀ ದಿನದ್ದು ತಿಂದಂತೆ. ಮಾತಾಡಬೇಕಾದರೆ ಮೊದಲು ದೂರ ಹೋಗಿ, ಆಮೇಲೆ ಪ್ಲಗ್ ತೆಗೆಯಿರಿ.

ಫೋಮ್ ತೆಳು ದನಿಯನ್ನು ಹೆಚ್ಚು ತಿನ್ನುವುದರಿಂದ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ ಅನ್ನುವ ದೂರು ಇದೆ, ನಿಜ. ಅಂಥವರಿಗೆ ಸಂಗೀತಗಾರರ ಪ್ಲಗ್ ಅಂತ ಬೇರೆ ಬರುತ್ತದೆ. ಅದರೊಳಗಿನ ಫಿಲ್ಟರ್ ಎಲ್ಲಾ ದನಿಯನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ. ತೊಳೆದು ಮತ್ತೆ ಬಳಸಬಹುದು. ಬ್ಯಾಂಡಿನವರು, ಹಲಗಿ ಬಾರಿಸುವವರು, ಡಿಜೆ ಆಪರೇಟರ್‌ಗಳು ಇದಕ್ಕೆ ದುಡ್ಡು ಹಾಕಿದರೆ ದಂಡವಲ್ಲ. ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಡ್ರೈವರ್, ಹಗ್ಗ ಹಿಡಿದ ಸ್ವಯಂಸೇವಕರು ಕೂಗು, ಗಾಡಿಗಳ ಹಾರ್ನ್ ಕೇಳಿಸಿಕೊಳ್ಳಲೇಬೇಕು, ಅವರಿಗೂ ಇದೇ ಸರಿ. ಸಣ್ಣ ಮಕ್ಕಳಿಗೆ ಪ್ಲಗ್ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡಾವು. ತಲೆಯ ಮೇಲಿಂದ ಕೂರುವ ಇಯರ್‌ಮಫ್ ಮಕ್ಕಳ ಅಳತೆಯಲ್ಲೇ ಸಿಗುತ್ತದೆ. ಕೂದಲು, ಟೊಪ್ಪಿಗೆ ಅದರ ಅಂಚಿನಡಿ ಸಿಕ್ಕರೆ ಸೋರುತ್ತದೆ, ನೋಡಿ ಹಾಕಿ. ಕಿವಿ ಸೋರುವವರು, ತಮಟೆ ತೂತಾದವರು ವೈದ್ಯರನ್ನು ಕೇಳದೆ ಕಿವಿಯೊಳಗೆ ಏನೂ ಇಡಬಾರದು. ಫೋಮ್ ಪ್ಲಗ್ಗನ್ನು ಬೆವರು ಹಿಡಿದ ಮೇಲೆ ಎಸೆಯಿರಿ. ನಮ್ಮ ಸೆಕೆಗೆ ಒದ್ದೆ ಪ್ಲಗ್ ಮತ್ತೆ ಮತ್ತೆ ತುರುಕಿದರೆ ಕಿವಿಯಲ್ಲಿ ಬೂಸು ಬರೋದು ದೂರವಿಲ್ಲ.

ಈಗ ಸೌಂಡಿನವರಿಗೆ ಎರಡು ಮಾತು. ಸಂಜೆ ಏಳಕ್ಕೆ ಇಟ್ಟ ಲೆವೆಲ್ ಒಂಬತ್ತಕ್ಕೆ ಸಪ್ಪೆ ಅನ್ನಿಸುತ್ತದೆ. ಸಿಸ್ಟಮ್ ಸಪ್ಪೆಯಾಗಿಲ್ಲ, ಎರಡು ಗಂಟೆಯಲ್ಲಿ ನಿಮ್ಮ ಕಿವಿ ದಣಿದು ತೆಳು ದನಿ ಕಳೆದುಕೊಂಡಿದೆ. ನೀವು ಟ್ರೆಬಲ್ ಏರಿಸುತ್ತೀರಿ, ಹನ್ನೊಂದು ವರ್ಷದ ಹುಡುಗನ ತಾಜಾ ಕಿವಿಗೆ ಅದು ಸೂಜಿಯಂತೆ ಹೋಗುತ್ತದೆ. ಹಾಗಾಗಿ ಕಿವಿ ತಾಜಾ ಇರುವಾಗಲೇ ಲೆವೆಲ್ ಇಟ್ಟು, ಮಿಕ್ಸರಿನ ಫೇಡರ್ ಪಕ್ಕ ಬಿಳಿ ಟೇಪ್ ಹಚ್ಚಿ ಗೆರೆ ಎಳೆಯಿರಿ. ಆ ಗೆರೆ ದಾಟುವುದಿಲ್ಲ ಅಂತ ಮುಗಿಸಿ. ಪ್ರೊಸೆಸರಿನಲ್ಲಿ ಲಿಮಿಟರ್ (ಸಪ್ಪಳ ಒಂದು ಮಿತಿ ದಾಟದಂತೆ ತಡೆಯುವುದು) ಇದ್ದರೆ ಹಚ್ಚಿ. ಆ್ಯಂಪಿನ ಕೆಂಪು ಕ್ಲಿಪ್ ದೀಪ ಸತತ ಉರಿಯುತ್ತಿದ್ದರೆ ಅಲೆಯ ತಲೆ ಕತ್ತರಿಸಿ ಹೋಗಿ, ಅದರಿಂದ ಹುಟ್ಟುವ ಚೂಪು ದನಿಯೆಲ್ಲ ಹಾರ್ನಿಗೆ ಹೋಗುತ್ತದೆ. ಜನರ ಕಿವಿಯ ಜೊತೆ ನಿಮ್ಮ ಹಾರ್ನಿನೊಳಗೆ ಅದುರುವ ಪೊರೆ, ಡಯಾಫ್ರಾಮೂ ಸುಡುವುದು ಇದರಿಂದಲೇ. ಈಕ್ವಲೈಸರಿನಲ್ಲಿ 2ರಿಂದ 5 ಕಿಲೋಹರ್ಟ್ಸ್ ನಡುವೆ 3–4 ಡೆಸಿಬಲ್ ಇಳಿಸಿ ನೋಡಿ. ಕುಣಿಯೋಕೆ ಬೇಕಾದ ಬೇಸ್ ಹಾಗೇ ಇರುತ್ತದೆ, ಯಾರೂ ದೂರುವುದಿಲ್ಲ.

ಫಂಕ್ಷನ್ ಹಾಲಿನಲ್ಲಿ ಲೆಕ್ಕ ಬೇರೆ. ನೆಲಕ್ಕೆ ಪಾಲಿಶ್ ಮಾಡಿದ ಫರ್ಸಿ, ಗೋಡೆಗೆ ಟೈಲ್ಸು, ಒಂದು ಬದಿಗೆ ಗಾಜು. ಸಪ್ಪಳ ಹೀರಿಕೊಳ್ಳುವಂಥದು ಒಳಗೆ ಏನೂ ಇರುವುದಿಲ್ಲ. ವೇದಿಕೆ ಪಕ್ಕ ಎರಡು ದೊಡ್ಡ ಬಾಕ್ಸ್ ಇಟ್ಟು ಕೊನೆಯ ಸಾಲಿಗೆ ಮುಟ್ಟಿಸೋಕೆ ಹೋದರೆ ಮೊದಲ ಸಾಲಿನ ಅಜ್ಜಿಯರ, ಮಡಿಲ ಕೂಸುಗಳ ಕಿವಿಗೆ ಪೂರ್ತಿ ಪೆಟ್ಟು ಬೀಳುತ್ತದೆ. ಹಾಲಿನುದ್ದಕ್ಕೂ ನಾಲ್ಕೈದು ಸಣ್ಣ ಸ್ಪೀಕರ್ ಹಂಚಿ, ಮುಖ ಗೋಡೆಗಲ್ಲ, ಕೆಳಗೆ ಜನರತ್ತ ಬಗ್ಗಿಸಿ. ಶಾಮಿಯಾನದ ದಪ್ಪ ಬಟ್ಟೆ ಗೋಡೆಗೆ ಇಳಿಬಿಟ್ಟರೂ ಅನುಕೂಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಕೊಟ್ಟ ಮಾನದಂಡದಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತಿದೆ. ಜೊತೆಗೆ ಜನರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಜಾಗ ಇರಬೇಕು ಅಂತಲೂ ಇದೆ. ಊಟದ ಹಾಲಿನಲ್ಲಿ ಸ್ಪೀಕರ್ ಹಚ್ಚದಿದ್ದರೆ ಆ ಜಾಗ ಖರ್ಚಿಲ್ಲದೆ ಸಿಕ್ಕಿತು.

ಕಾನೂನಿನ ವಿಚಾರ ನಿಮಗೆ ಗೊತ್ತಿರುವುದೇ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ, ಹಬ್ಬಹರಿದಿನಕ್ಕೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಬಿಡಬಹುದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕಡಿಮೆ ಅಂದರೂ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಆದರೆ ಇದೆಲ್ಲ ಅಕ್ಕಪಕ್ಕದವರ ನಿದ್ದೆ ಕಾಯುವ ಕಾನೂನು, ಟ್ರಾಲಿ ಮುಂದೆ ಕುಣಿಯುವವನ ಕಿವಿಯನ್ನು ಅದು ಕಾಯುವುದಿಲ್ಲ. ಪಟಾಕಿಯದೂ ಹಾಗೇ: ಸಿಡಿಯುವ ಜಾಗದಿಂದ 4 ಮೀಟರಿಗೆ 125 ಡೆಸಿಬಲ್ ಮೀರಬಾರದು ಅಂತ ನಿಯಮ, ಒಂದು ಮೀಟರಿಗೆ ಬಂದರೆ ಅದೇ ಪಟಾಕಿ ಇನ್ನೂ 12 ಹೆಚ್ಚು. ದೊಡ್ಡ ಸಪ್ಪಳಕ್ಕೆ ನಡುಗಿವಿಯ ಸಣ್ಣ ಸ್ನಾಯು ಬಿಗಿದು ತಡೆಯುತ್ತದೆ ನಿಜ, ಆದರೆ ಅದು ಬಿಗಿಯುವುದರೊಳಗೆ ಪಟಾಕಿ ಸಿಡಿದು ಮುಗಿದಿರುತ್ತದೆ.

"ಕಿವಿ ಕಟ್ಟಿದಂಗ ಆದ್ರ ಬಿಸಿ ಎಣ್ಣಿ ಬಿಡ್ತಾರಲ್ರೀ ನಮ್ಮನ್ಯಾಗ" ಅಂತ ಒಬ್ಬ ತಾಯಿ ಕೇಳಿದರು.

ಬಿಡಬೇಡ್ರೀ ಅಮ್ಮಾ. ಪೆಟ್ಟು ಬಿದ್ದಿರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ತಮಟೆ ಹರಿದಿದ್ದರೆ ಮಾತ್ರ ಮುಟ್ಟುತ್ತದೆ, ಆಗ ಇನ್ನೂ ಅನಾಹುತ. ಮೆರವಣಿಗೆ ಮರುದಿನ ಕಿವಿಗೆ ಬೇಕಾದದ್ದು ಮೌನ. ಇಯರ್‌ಫೋನ್ ಹಾಕದೆ, ಬೈಕ್ ಸೈಲೆನ್ಸರ್ ಕಿತ್ತವರ ಜೊತೆ ತಿರುಗದೆ ಒಂದು ದಿನ ಇರಿ. ಆದರೆ ಒಂದೇ ಕಿವಿ ದಿಢೀರನೆ ಮಂದವಾದರೆ, ತಲೆ ತಿರುಗಿದರೆ, ಕಿವಿಯಿಂದ ರಕ್ತ ಬಂದರೆ ಕಾಯಬೇಡಿ, ಅದೇ ದಿನ ಹೊರಡಿ. ಇಂಥ ದಿಢೀರ್ ಕಿವುಡಿಗೆ ಔಷಧ ಮೊದಲ ಮೂರು ದಿನದೊಳಗೆ ಶುರುವಾದಷ್ಟೂ ಒಳ್ಳೇದು, ಎರಡು ವಾರ ಕಳೆದ ಮೇಲೆ ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಕಿವಿ–ಮೂಗು–ಗಂಟಲು ವಿಭಾಗಕ್ಕೆ ಹೋಗಿ. ಎಷ್ಟು ಹೊತ್ತು ನಿಂತಿದ್ದಿರಿ, ಎಷ್ಟು ದೂರ, ಯಾವ ಕಿವಿ ಬಾಕ್ಸಿನ ಕಡೆ ಇತ್ತು, ಇದನ್ನು ನೆನಪಿಟ್ಟು ಹೇಳಿ.

ಇನ್ನು ತೊಂದರೆ ಇಲ್ಲದವರೂ ಒಮ್ಮೆ ಕೇಳುವ ಪರೀಕ್ಷೆ ಮಾಡಿಸಬಹುದು. ವಿಸರ್ಜನೆಯ ಮರುದಿನ ಮಾತ್ರ ಬರಬೇಡಿ. ಪರೀಕ್ಷೆಗೆ ಮುಂಚೆ ಕಡಿಮೆ ಅಂದರೂ 16 ಗಂಟೆ ಕಿವಿಗೆ ದೊಡ್ಡ ಸಪ್ಪಳ ಬಿದ್ದಿರಬಾರದು, ಇಲ್ಲದಿದ್ದರೆ ದಣಿದ ಕಿವಿಯ ಅಂಕಿ ಬರುತ್ತದೆ. ಕೊಡುವ ಹಾಳೆಯಲ್ಲಿ ಒಂದು ನಕ್ಷೆ ಇರುತ್ತದೆ, ಬಲಗಿವಿಗೆ ಸೊನ್ನೆ, ಎಡಗಿವಿಗೆ ಗುಣಾಕಾರದ ಗುರುತು. ಮೇಲೆ ಬರೆದ ಅಂಕಿಗಳಲ್ಲಿ 4000 ಹುಡುಕಿ. ವಯಸ್ಸಿನಿಂದ ಇಳಿದ ಕಿವಿಯಾದರೆ ಗೆರೆ 8000ದವರೆಗೆ ಇಳಿಯುತ್ತಲೇ ಹೋಗುತ್ತದೆ. 4000ದ ಹತ್ತಿರ ಗುಂಡಿ ಬಿದ್ದು 8000ದಲ್ಲಿ ಮತ್ತೆ ಮೇಲೆದ್ದಿದ್ದರೆ ಅದು ಸಪ್ಪಳದ ಗುರುತು. ಆ ಹಾಳೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಬರುವ ವರ್ಷ ಹಬ್ಬಕ್ಕೆ ಮುಂಚೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿದಾಗ ಪಕ್ಕದಲ್ಲಿಟ್ಟು ನೋಡೋಕೆ ಬೇಕಾಗುತ್ತದೆ.